ಎಡ ರೆಕ್ಕೆಯ ಮುಚ್ಚಳ

ಕಾಪು ಪೇಟೆಯ ಮೀನು ಮಾರುಕಟ್ಟೆಯ ಎದುರು ಹಮೀದ್ ನನ್ನನ್ನು ತಡೆದು ನಿಲ್ಲಿಸಿದ. "ಟೀಚರ್, ಕ್ಯಾಪ್ಟನ್ ಹೋದ್ರು" ಎಂದ.

ಇಂಥ ಸುದ್ದಿ ಕೇಳಿದವರು "ಅಯ್ಯೋ, ಯಾವಾಗ?" ಎನ್ನುತ್ತಾರೆ. ನನ್ನ ಬಾಯಿಂದ ಬಂದದ್ದು ಬೇರೆ. "ಕಂಡದ್ದಾ, ಕೇಳಿದ್ದಾ?" ಎಂದುಬಿಟ್ಟೆ.

"ಕಂಡೆ ಟೀಚರ್. ಮುಟ್ಟಿಯೂ ಬಂದೆ" ಎಂದ ಹಮೀದ್.

ಪಕ್ಕದಲ್ಲಿ ಬಂಗುಡೆ ಆರಿಸುತ್ತಿದ್ದ ಹೆಂಗಸು ತಲೆಯೆತ್ತಿ ನಮ್ಮಿಬ್ಬರನ್ನೂ ನೋಡಿದಳು. ಸತ್ತವರ ವಿಷಯದಲ್ಲಿ ಇದೆಂಥ ಮಾತು ಎಂದು ಅವಳಿಗೆ ಅನಿಸಿರಬೇಕು. ಆ ಪ್ರಶ್ನೆಯನ್ನೂ ಆ ಉತ್ತರವನ್ನೂ ನಮಗೆ ಕಲಿಸಿದವರೇ ಸತ್ತವರು ಎಂದು ಅವಳಿಗೆ ಹೇಳುವುದು ಹೇಗೆ? ಅವರಿದ್ದಿದ್ದರೆ ಹಮೀದನ ಬೆನ್ನು ತಟ್ಟುತ್ತಿದ್ದರು.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಅವರು ಕಾಪುವಿನಲ್ಲಿ ನಮ್ಮ ಪಕ್ಕದ ಮನೆಯ ಬಾಡಿಗೆದಾರರು. ನಾನು ಆಗ ಉಡುಪಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಅವರನ್ನು ಊರೆಲ್ಲ ಕ್ಯಾಪ್ಟನ್ ಎನ್ನುತ್ತಿತ್ತು. ತಾವು ಮೊದಲಿದ್ದ ವಾಯುಪಡೆಯಲ್ಲಿ ಆ ಹುದ್ದೆಗೆ ಬೇರೆ ಹೆಸರು ಎಂದು ಅವರು ಮೊದಮೊದಲು ತಿದ್ದಿದರಂತೆ. ಬಸ್ ಏಜೆಂಟ್ ಕೇಳಲಿಲ್ಲ, ಅಂಚೆಯವನೂ ಕೇಳಲಿಲ್ಲ. ಕೊನೆಗೆ ಅವರೇ ಸೋತು ಫೋನಿನಲ್ಲಿ "ಹಲೋ, ಕ್ಯಾಪ್ಟನ್ ಮಾತಾಡುವುದು" ಎನ್ನತೊಡಗಿದರು.

ಗಿಡ್ಡ ಆಳು. ದಪ್ಪ ಮೀಸೆ. ಹಾಕುತ್ತಿದ್ದ ಖಾಕಿ ಪ್ಯಾಂಟಿಗೆ ದರ್ಜಿಗೆ ಹೇಳಿ ಎಲ್ಲೆಂದರಲ್ಲಿ ಜೇಬು ಹೊಲಿಸಿಕೊಂಡಿದ್ದರು. ಆ ಜೇಬುಗಳಲ್ಲಿ ಸುತಳಿ, ಪೆಪ್ಪರ್‌ಮಿಂಟ್, ಟಾರ್ಚಿನ ಬಲ್ಬು, ಚಕ್ರದ ಗಾಳಿ ನೋಡುವ ಅಳತೆ, ಸೇಫ್ಟಿ ಪಿನ್ನು, ಒಮ್ಮೆ ನಾನೇ ಕಂಡಂತೆ ಅರ್ಧ ತೆಂಗಿನಕಾಯಿ. ನಮ್ಮ ಅಮ್ಮ ಅವರನ್ನು "ನಡೆಯುವ ಗೂಡಂಗಡಿ" ಎನ್ನುತ್ತಿದ್ದಳು. ಆ ಜೇಬುಗಳಲ್ಲಿ ಒಂದು ನಮ್ಮನ್ನು ಸಮುದ್ರಕ್ಕೆ ಹಾಕುವುದರಲ್ಲಿತ್ತು. ಅದನ್ನು ಮುಂದೆ ಹೇಳುತ್ತೇನೆ.

ಅವರ ಕೆಲಸ, ಗೇರುಬೀಜದ ಕಾರ್ಖಾನೆಯ ಧಣಿಯೊಬ್ಬರ ನಾಲ್ಕು ಸೀಟಿನ ಪುಟ್ಟ ವಿಮಾನವನ್ನು ಹಾರಿಸುವುದು. ಧಣಿ ಅದನ್ನು ಯಾರಿಂದಲೋ ಹಳೆಯದಾಗಿ ಕೊಂಡಿದ್ದರು. ರೆಕ್ಕೆಗಳು ತಲೆಯ ಮೇಲೆ, ಮೂತಿಯಲ್ಲಿ ಒಂದೇ ಪಂಖ. ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ಮುರಕಲ್ಲಿನ ಪದವು, ಎಂದರೆ ಗುಡ್ಡದ ಮೇಲಿನ ಬಯಲೊಂದನ್ನು ಮಟ್ಟ ಮಾಡಿಸಿ, ತಗಡಿನ ಶೆಡ್ಡು ಹಾಕಿಸಿ, ದನಗಳು ಬರದಂತೆ ಬೇಲಿ ಕಟ್ಟಿಸಿದ್ದರು. ದನಗಳು ಆದರೂ ಬರುತ್ತಿದ್ದವು. ಅವನ್ನು ಓಡಿಸಲು ಹಮೀದ್ ಇದ್ದ. ಲಾರಿ ಗ್ಯಾರೇಜಿನಲ್ಲಿ ಪಳಗಿದ ಉಚ್ಚಿಲದ ಬ್ಯಾರಿ ಮನುಷ್ಯ, ಎರಡು ಮಕ್ಕಳ ತಂದೆ. ವಿಮಾನ ತೊಳೆಯುವುದು, ಪೆಟ್ರೋಲ್ ತುಂಬಿಸುವುದು, ಹಾರುವ ಮೊದಲು ಕ್ಯಾಪ್ಟನರ ಜೊತೆ ಪರೀಕ್ಷೆ ಮಾಡುವುದು ಅವನ ಕೆಲಸ.

ಈ ಪರೀಕ್ಷೆಯೇ ಅವರ ಜೀವನದ ದೊಡ್ಡ ಸಂಗತಿ. ವಿಮಾನಕ್ಕೆ ಬಿಡಿ, ಸ್ಕೂಟರಿಗೂ ಅದು ತಪ್ಪುತ್ತಿರಲಿಲ್ಲ. ಬೆಳಿಗ್ಗೆ ಅಂಗಳದಲ್ಲಿ ಸ್ಕೂಟರನ್ನು ಒಂದು ಸುತ್ತು ಬರುತ್ತಿದ್ದರು. ಮುಂದಿನ ಚಕ್ರ ಮುಟ್ಟಿ "ಮುಟ್ಟಿದೆ". ದೀಪ ನೋಡಿ "ಕಂಡೆ". ಬ್ರೇಕ್ ಹಿಡಿದು "ಮುಟ್ಟಿದೆ". ಹೊರಗಿನ ರಸ್ತೆಯಲ್ಲಿ ಕಾಲೇಜಿಗೆ ಹೋಗುವ ಹುಡುಗರು ನಿಂತು, "ಪ್ರದಕ್ಷಿಣೆ ಮುಗಿಯಿತಾ ಕ್ಯಾಪ್ಟನೇ? ಪ್ರಸಾದ ಉಂಟಾ?" ಎನ್ನುತ್ತಿದ್ದರು. ಇವರು ಜೇಬಿನಿಂದ ಪೆಪ್ಪರ್‌ಮಿಂಟ್ ತೆಗೆದು ಎಸೆಯುತ್ತಿದ್ದರು.

"ಕಣ್ಣು ನೆಂಟ ಇದ್ದ ಹಾಗೆ ಟೀಚರೇ" ಎಂದು ನನಗೆ ಒಮ್ಮೆ ಹೇಳಿದರು. "ಬಂದು ನೋಡಿ ಎಲ್ಲ ಚೆಂದ ಉಂಟು ಅಂತ ಹೇಳಿ ಹೋಗ್ತದೆ. ಕೈ ಮನೆಯವ. ಯಾವ ಹಂಚು ಒಡೆದದ್ದು ಅಂತ ಅವನಿಗೆ ಗೊತ್ತು."

ವಿಮಾನದ ಜೊತೆ ಕಂಪನಿಯವರು ಅಚ್ಚು ಹಾಕಿಸಿ ಕೊಟ್ಟ ಇಂಗ್ಲಿಷಿನ ಪಟ್ಟಿ ಇತ್ತು. ಹಾರುವ ಮೊದಲು ಏನೇನು ನೋಡಬೇಕು ಎಂಬುದು. ಮೊದಲ ತಿಂಗಳು ಕ್ಯಾಪ್ಟನ್ ಅದನ್ನು ಓದುತ್ತಿದ್ದರು, ಹಮೀದ್ ವಿಮಾನವನ್ನು ಸುತ್ತಿ ಒಂದೊಂದಕ್ಕೂ "ಆಯ್ತು ಸಾರ್" ಎನ್ನುತ್ತಿದ್ದ. ಎಲ್ಲವೂ ಆಗುತ್ತಿತ್ತು. ಒಂದು ದಿನ ಅವರಿಗೆ ಸಂಶಯ ಬಂತು. ಪಟ್ಟಿಯ ನಡುವೆ ಅದೇ ಸ್ವರದಲ್ಲಿ ಒಂದು ಸೇರಿಸಿದರು:

"ಎಂಜಿನ್ ಒಳಗೆ ಆನೆ?"

"ಆಯ್ತು ಸಾರ್."

ಆ ಸಂಜೆ ನಮ್ಮ ಜಗಲಿಯಲ್ಲಿ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು ಹೇಳಿದರು: "ಹಮೀದನ ತಪ್ಪಲ್ಲ ಟೀಚರೇ. ನಮ್ಮ ಊರಿನ ಶಬ್ದದ ತಪ್ಪು. ಹೋಟೆಲಿನಲ್ಲಿ ಕಾಫಿ ಹೇಳಿದ್ರೆ ಆಯ್ತು ಅಂತಾನೆ. ತಂದಾಯ್ತು ಅಂತಲಾ, ಇನ್ನು ತರ್ತೇನೆ ಅಂತಲಾ? ಮದುವೆಗೆ ಬನ್ನಿ ಅಂದ್ರೆ ಆಯ್ತು ಅಂತೇವೆ. ಬರ್ತೇವಾ? ಮುಗಿದ ಕೆಲಸಕ್ಕೂ ಆಯ್ತು, ಮಾಡದ ಕೆಲಸಕ್ಕೂ ಆಯ್ತು. ಈ ಶಬ್ದ ಹಿಡ್ಕೊಂಡು ಬಸ್ಸು ಓಡಿಸಬಹುದು. ವಿಮಾನ ಆಗ್ಲಿಕ್ಕಿಲ್ಲ."

ಮರುದಿನದಿಂದ ಪದವಿನಲ್ಲಿ ಆಯ್ತು ಎಂಬ ಶಬ್ದಕ್ಕೆ ನಿಷೇಧ. ನೋಡಿದ್ದರೆ ಕಂಡೆ, ಕೈಯಿಟ್ಟಿದ್ದರೆ ಮುಟ್ಟಿದೆ. ಮೂರನೆಯ ಉತ್ತರ ಇಲ್ಲ. ಬೇಲಿ ಕಟ್ಟುವವನು ಬಂದು "ಬೇಲಿ ಆಯ್ತು" ಎಂದರೂ ಹಮೀದ್ ಅವನನ್ನು ಗಂಭೀರವಾಗಿ ತಿದ್ದುತ್ತಿದ್ದನಂತೆ.

ಪಟ್ಟಿಯನ್ನು ಕನ್ನಡ ಮಾಡಿಕೊಡಿ ಎಂದು ನನ್ನ ಬಳಿ ಬಂದರು. ನಾನು ಎರಡು ದಿನ ಕುಳಿತು ಮಾಡಿದೆ. ಬಹಳ ಚೆನ್ನಾಗಿ ಬಂದಿದೆ ಎಂದುಕೊಂಡಿದ್ದೆ. ಅವರು ಗಟ್ಟಿಯಾಗಿ ಓದಿದರು: "ಇಂಧನಕೋಶದ ಮುಚ್ಚಳದ ಭದ್ರತೆಯನ್ನು ಖಚಿತಪಡಿಸಿಕೊಳ್ಳತಕ್ಕದ್ದು."

ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ತಕ್ಕದ್ದು ಅಂದ್ರೆ ಯಾರಿಗೆ ತಕ್ಕದ್ದು ಟೀಚರೇ?"

"ಮಾಡುವವರಿಗೆ."

"ಇದು ಪಂಚಾಯತ್ ನೋಟೀಸ್ ಆಯ್ತಲ್ಲ ಮಾರಾಯ್ರೆ. ಓದಿ ಮುಗಿಯುವಾಗ ವಿಮಾನ ಬಜಪೆಗೆ ಮುಟ್ಟಿರ್ತದೆ."

"ನೀವು ಈಗ ಆಯ್ತು ಅಂದ್ರಿ" ಎಂದೆ. ನಾಲಿಗೆ ಕಚ್ಚಿಕೊಂಡರು.

ಆಮೇಲೆ ಅವರೇ ಒಂದು ಉಪಾಯ ಕಂಡುಕೊಂಡರು. ಅಚ್ಚಾದ ಪಟ್ಟಿ ಎಲ್ಲರಿಗಾಗಿ ಬರೆದದ್ದು, ಹಾಗಾಗಿ ಅದು ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಹೆಸರಿಲ್ಲದ ತಪ್ಪು ತಲೆಯಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಪಟ್ಟಿಯ ಒಂದೊಂದು ಅಂಶಕ್ಕೂ, ಆ ಬಗೆಯ ತಪ್ಪನ್ನು ನಿಜವಾಗಿ ಮಾಡಿದ ನಮ್ಮ ಊರಿನ ಒಬ್ಬರ ಹೆಸರಿಡುವುದು. ಕಂಪನಿಯ ಪಟ್ಟಿಯ ಒಂದು ಅಂಶವೂ ಬಿಟ್ಟುಹೋಗಬಾರದು, ಹೆಸರು ಮಾತ್ರ ನಮ್ಮದು.

ಪೆಟ್ರೋಲ್ ಟ್ಯಾಂಕಿನ ತಳದಲ್ಲಿ ನೀರು ಸೇರಿದೆಯೇ ಎಂದು ಗಾಜಿನ ಲೋಟಕ್ಕೆ ಸ್ವಲ್ಪ ಬಿಟ್ಟು ನೋಡಬೇಕು. ಅದಕ್ಕೆ "ಅಕ್ಕು" ಎಂದು ಹೆಸರು. ಅಕ್ಕು ನಮ್ಮ ಬೀದಿಗೆ ಹಾಲು ಕೊಡುವವಳು. ವೇಗ ಅಳೆಯುವ ಸಣ್ಣ ಕೊಳವೆ ರೆಕ್ಕೆಯ ಕೆಳಗಿದೆ, ಅದರೊಳಗೆ ಕಣಜದ ಹುಳ ಮಣ್ಣಿನ ಗೂಡು ಕಟ್ಟುತ್ತದೆ. ಅದಕ್ಕೆ "ಭಾವ". ಕ್ಯಾಪ್ಟನರ ಭಾವ ಎರಡು ದಿನಕ್ಕೆಂದು ಬಂದು ಮಳೆಗಾಲ ಪೂರ್ತಿ ನಿಂತಿದ್ದರು. ನೆಲಕ್ಕೆ ಕಟ್ಟಿದ ಹಗ್ಗ ಬಿಚ್ಚಿದೆಯೇ ಎಂಬುದಕ್ಕೆ "ಮೇಷ್ಟ್ರು". ಶಿರ್ವದ ಆ ಮೇಷ್ಟ್ರು ಸರಪಳಿ ಹಾಕಿದ ಸೈಕಲ್ ಹತ್ತಿ ಇಡೀ ಶಾಲೆಯ ಎದುರು ಬಿದ್ದವರು. ಬಾಗಿಲಿನ ಚಿಲಕಕ್ಕೆ "ಪದ್ದಕ್ಕ", ಅಂದರೆ ನನ್ನ ಅಮ್ಮ. ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಉಡುಪಿಯವರೆಗೆ ಹೋಗಿ ಬಸ್ಸಿಳಿದು ವಾಪಸು ಬಂದವಳು ಅವಳೊಬ್ಬಳೇ ಇರಬಹುದು.

ಒಪ್ಪಿಗೆ ಇಲ್ಲದೆ ಯಾರ ಹೆಸರನ್ನೂ ಹಾಕುವಂತಿಲ್ಲ ಎಂಬುದು ಅವರೇ ಮಾಡಿಕೊಂಡ ನಿಯಮ. ಸ್ಕೂಟರ್ ಹತ್ತಿ ಮನೆಮನೆಗೆ ಹೋದರು. ಮೇಷ್ಟ್ರು ಯೋಚಿಸಿ, "ವಿದ್ಯಾರ್ಥಿಗಳಿಗೆ ಹೇಳ್ಬೇಡಿ" ಎಂದು ಒಪ್ಪಿದರು. ಅಮ್ಮನಂತೂ "ನನ್ನ ಹೆಸರು ವಿಮಾನದಲ್ಲಿ ಉಂಟು" ಎಂದು ಮದುವೆಮನೆಗಳಲ್ಲಿ ಹೇಳಿಕೊಂಡು ತಿರುಗಿದಳು. ಯಾವ ಕಾರಣಕ್ಕೆ ಎಂದು ಮಾತ್ರ ಹೇಳುತ್ತಿರಲಿಲ್ಲ. ಅಕ್ಕು ಜಗಳ ತೆಗೆದಳು.

"ನನ್ನ ಹಾಲಿನಲ್ಲಿ ನೀರು ಉಂಟು ಅಂತ ಯಾರು ಹೇಳಿದ್ದು?"

"ಯಾರೂ ಹೇಳಲಿಲ್ಲ ಅಕ್ಕು. ನಾನು ಕಂಡೆ."

ಒಂದು ವಾರ ಅವಳು ಮಾತು ಬಿಟ್ಟಳು. ಆ ವಾರ ಹಾಲು ಬಹಳ ದಪ್ಪವಾಗಿತ್ತು. ಕೊನೆಗೆ, "ಹೆಸರು ಹಾಕಿ, ಆದ್ರೆ ಒಳ್ಳೆ ಬಣ್ಣದಲ್ಲಿ ಬರೆಯಿರಿ" ಎಂದಳು.

ನನ್ನ ಅಕ್ಷರ ದುಂಡಗಿದೆ ಎಂದು ಬರೆಯುವ ಕೆಲಸ ನನಗೆ ಬಂತು. ಪ್ಲೈವುಡ್ಡಿನ ಹಲಗೆಗೆ ಹಸಿರು ಬಣ್ಣ ಹಚ್ಚಿ, ಮೇಲೆ ಬಿಳಿಯಲ್ಲಿ ಬರೆದೆ. ಎಲ್ಲಕ್ಕೂ ಹೆಸರು ಸಿಕ್ಕಿತು, ಎಡ ರೆಕ್ಕೆಯ ಪೆಟ್ರೋಲ್ ಮುಚ್ಚಳ ಒಂದನ್ನು ಬಿಟ್ಟು. ಬಲ ರೆಕ್ಕೆಯ ಟ್ಯಾಂಕು ಜಿನುಗುತ್ತಿದ್ದುದರಿಂದ, ಬೊಂಬಾಯಿಯಿಂದ ಸಾಮಾನು ಬರುವ ತನಕ, ಅದರಲ್ಲಿ ತಳಕ್ಕಂಟುವಷ್ಟು ಮಾತ್ರ ಇಟ್ಟು ಎಡದ್ದನ್ನೇ ತುಂಬುತ್ತಿದ್ದರು. ಹಾಗಾಗಿ ಎಡದ ಮುಚ್ಚಳ ದೊಡ್ಡ ವಿಷಯ. ರೆಕ್ಕೆಯ ಮೇಲ್ಭಾಗದಲ್ಲಿರುವ ಅದು ನೆಲದಲ್ಲಿ ನಿಂತವರಿಗೆ ಕಾಣುವುದಿಲ್ಲ. ಅದಕ್ಕೊಂದು ಹೆಸರು ಬೇಕು ಎಂದು ಕ್ಯಾಪ್ಟನ್ ತಿಂಗಳುಗಟ್ಟಲೆ ಹುಡುಕಿದರು.

"ಉಡುಪಿಯಿಂದ ಕಾರ್ಕಳದ ತನಕ ಕೇಳಿದೆ ಟೀಚರೇ. ಮುಚ್ಚಳ ಹಾಕ್ಲಿಕ್ಕೆ ಮರೆತವ ಒಬ್ಬನೂ ಇಲ್ವಂತೆ. ಎಂಥ ಜನ ನೋಡಿ, ಉಪ್ಪಿನಕಾಯಿ ತಿಂದು ಬೆಳೆದವರಲ್ಲವಾ, ಭರಣಿ ಮುಚ್ಚಿಯೇ ಅಭ್ಯಾಸ!"

ಹಲಗೆಯಲ್ಲಿ ಆ ಸಾಲಿನ ಎದುರು ಹಸಿರು ಜಾಗ ಹಾಗೆಯೇ ಉಳಿಯಿತು.

ಬರೆದದ್ದಕ್ಕೆ ನನಗೆ ಸಿಗಬೇಕಾದ ಸಂಭಾವನೆ ಆಕಾಶದಲ್ಲಿ ಒಂದು ಸುತ್ತು. ಧಣಿಯವರಿಗೂ ಅದೇ ಹೊತ್ತಿಗೆ ಉಚ್ಚಿಲದ ಹತ್ತಿರ ಒಂದು ತೆಂಗಿನ ತೋಟ ಕೊಳ್ಳುವ ಆಲೋಚನೆ ಬಂದು, ಅದನ್ನು ಮೇಲಿನಿಂದ ನೋಡಬೇಕಿತ್ತು. ಮಳೆ ಮುಗಿದು ಬಾನು ತೊಳೆದಿಟ್ಟ ಹಾಗಿದ್ದ ಒಂದು ಬೆಳಿಗ್ಗೆ ನಾನು ಕ್ಯಾಪ್ಟನರ ಸ್ಕೂಟರಿನ ಹಿಂದೆ ಕುಳಿತು ಪದವಿಗೆ ಹೋದೆ.

ಮುಂದಿನ ಕೆಲವು ನಿಮಿಷಗಳನ್ನು ನಾನು ಎಷ್ಟು ಸಲ ಮತ್ತೆ ಕಂಡಿದ್ದೇನೋ ಲೆಕ್ಕವಿಲ್ಲ. ಪಾತ್ರೆ ತೊಳೆಯುವಾಗ ಕಾಣುತ್ತದೆ, ಉತ್ತರಪತ್ರಿಕೆ ತಿದ್ದುವಾಗ ಕಾಣುತ್ತದೆ. ಹಮೀದ್ ಪೆಟ್ರೋಲ್ ತುಂಬಿಸಿ ಡಬ್ಬಗಳನ್ನು ಬದಿಗಿಟ್ಟಿದ್ದಾನೆ. ಕ್ಯಾಪ್ಟನ್ ಎಡ ರೆಕ್ಕೆಯ ಕೆಳಗೆ ಸ್ಟೂಲ್ ಹಾಕಿ ಹತ್ತಿದ್ದಾರೆ. ಟ್ಯಾಂಕಿನಲ್ಲಿ ಎಷ್ಟಿದೆ ಎಂದು ತೋರಿಸುವ ಮುಳ್ಳೊಂದು ವಿಮಾನದೊಳಗೆ ಉಂಟು, ಆದರೆ ಅವರಿಗೆ ಅದರ ಮೇಲೆ ವಿಶ್ವಾಸವಿಲ್ಲ. "ಮುಳ್ಳು ಸುಳ್ಳು, ಕೋಲು ಸತ್ಯ" ಎನ್ನುತ್ತಾ ಬಿದಿರಿನ ಅಳತೆಕೋಲನ್ನು ಟ್ಯಾಂಕಿಗೆ ಇಳಿಸುತ್ತಿದ್ದಾರೆ. ಒಂದು ಕೈಯಲ್ಲಿ ಕೋಲು. ಇನ್ನೊಂದು ಕೈಯಲ್ಲಿ ಮುಚ್ಚಳ. ಕನ್ನಡಕ ಸರಿಮಾಡಿಕೊಳ್ಳಲು ಒಂದು ಕೈ ಬೇಕು.

ಅಷ್ಟರಲ್ಲಿ ಧಣಿಯವರ ಅಂಬಾಸಿಡರ್ ಕಾರು ಧೂಳೆಬ್ಬಿಸಿ ಬಂದು ನಿಂತಿತು. ಬಾಗಿಲು ತೆರೆಯುವ ಮೊದಲೇ ಅವರ ಸ್ವರ ಹೊರಬಂತು. "ಕ್ಯಾಪ್ಟನೇ! ರಾಹುಕಾಲಕ್ಕೆ ಮೊದಲು ಚಕ್ರ ನೆಲ ಬಿಡ್ಬೇಕು! ಬೇಗ, ಬೇಗ!"

ಅದೇ ಗಳಿಗೆಯಲ್ಲಿ ಕೆಳಗೆ ಹಲಗೆ ಹಿಡಿದಿದ್ದ ಹಮೀದ್ ಓದಿದ: "ಎಡ ಮುಚ್ಚಳ?"

ಕ್ಯಾಪ್ಟನ್ ಕಾರಿನ ಕಡೆ ತಿರುಗಿ ಹೇಳಿದರು: "ಆಯ್ತು ಧಣಿ, ಆಯ್ತು!"

ಹಮೀದ್ ತಲೆಯೆತ್ತಿದ. ಮೇಲೆ ನೋಡಿದ, ಹಲಗೆ ನೋಡಿದ. ಆ ಸಾಲಿನಲ್ಲಿ ಹೆಸರಿರಲಿಲ್ಲ. ಆ ಶಬ್ದಕ್ಕೆ ನಿಷೇಧ ಹಾಕಿದವರೇ ಆ ಶಬ್ದ ಹೇಳಿದ್ದಾರೆ ಎಂದರೆ ಅದಕ್ಕೇನೋ ಅರ್ಥ ಇರಬೇಕು ಎಂದುಕೊಂಡನೋ ಏನೋ. ಮುಂದಿನದು ಓದಿದ: "ಪದ್ದಕ್ಕ?" ಸ್ಟೂಲಿನಿಂದ ಇಳಿಯುತ್ತಾ ಕ್ಯಾಪ್ಟನ್ ಬಾಗಿಲ ಚಿಲಕಕ್ಕೆ ಕೈ ಹಾಕಿ, "ಮುಟ್ಟಿದೆ" ಎಂದರು.

ಹಾರಿದೆವು. ಧಣಿ ಮುಂದೆ, ಕ್ಯಾಪ್ಟನರ ಬಲಕ್ಕೆ. ನಾನು ಕ್ಯಾಪ್ಟನರ ಹಿಂದಿನ ಕಿಟಕಿಯ ಪಕ್ಕ. ಮೊದಲು ನನಗಾಗಿ ಕಾರ್ಕಳದ ಕಡೆ ಒಂದು ಸುತ್ತು ಹಾಕಿದರು. ಜನರೆಲ್ಲ ಮೆಟ್ಟಿಲು ಹತ್ತಿ ಪಾದದಿಂದ ನೋಡುವ ಗೊಮ್ಮಟನನ್ನು ನಾನು ತಲೆಯ ಗುಂಗುರಿನಿಂದ ನೋಡಿದೆ. ಅವನು ಯಾವುದಕ್ಕೂ ತಲೆ ಕೆಡಿಸಿಕೊಂಡಿರಲಿಲ್ಲ. ಮಣಿಪಾಲದ ಗುಡ್ಡ ಕಂಡಿತು, ಉಡುಪಿಯ ಹಂಚಿನ ಮಾಡುಗಳು ಕಂಡವು. ಆಮೇಲೆ ಹೊಳೆ, ಹೊಳೆಯ ಬಾಯಿ, ಸಮುದ್ರ. ನೀರಿನ ಮೇಲೆ ತೆಂಕಕ್ಕೆ ತಿರುಗಿ ಕಾಪುವಿನ ದೀಪಸ್ತಂಭದ ಕಡೆ ಹೊರಟೆವು. ಅಲ್ಲಿ ನಮ್ಮ ಮನೆಯ ಮಾಡು ಕಾಣುತ್ತದೆ, ಅಮ್ಮ ಅಂಗಳದಲ್ಲಿ ನಿಂತು ಕೆಂಪು ಸೀರೆ ಬೀಸುತ್ತೇನೆ ಎಂದಿದ್ದಳು.

ಆಗ ರೆಕ್ಕೆಯ ಹಿಂಬದಿಯಿಂದ ತೆಳ್ಳಗೆ ಬಿಳಿ ಮಂಜಿನಂಥದ್ದು ಹೊರಟು ಹಿಂದೆ ಹೋಗುತ್ತಿರುವುದನ್ನು ಕಂಡೆ.

"ಕ್ಯಾಪ್ಟನ್, ರೆಕ್ಕೆ ಬೆವರುತ್ತದಾ?" ಎಂದು ಕಿರುಚಿ ಕೇಳಿದೆ. ಎಂಜಿನ್ನಿನ ಸದ್ದಿಗೆ ಅವರಿಗೆ ಅರ್ಧ ಕೇಳಿಸಿತು. ಮುಳ್ಳು ನೋಡಿ, "ಟ್ಯಾಂಕ್ ತುಂಬ ಉಂಟು ಟೀಚರೇ, ಹೆದರ್ಬೇಡಿ" ಎಂದರು. ಎಂದವರು ಅಲ್ಲಿಗೇ ಮಾತು ನಿಲ್ಲಿಸಿದರು. ಅವರ ಮೀಸೆ ಅಲುಗಿದ್ದು ಕಂಡಿತು. ಮುಳ್ಳು ಸುಳ್ಳು ಎಂದು ತಮಗೆ ತಾವೇ ಹೇಳಿಕೊಂಡಿರಬೇಕು.

ಧಣಿಗೆ ಇದೊಂದೂ ಗೊತ್ತಿಲ್ಲ. ಅವರ ಕಿವಿ ಕಟ್ಟಿತ್ತು. "ಒಂದು ಪೆಪ್ಪರ್‌ಮಿಂಟ್ ಕೊಡಿ ಮಾರಾಯ್ರೆ" ಎಂದು ಕೈ ಚಾಚಿದರು. ಕ್ಯಾಪ್ಟನ್ ಮುಳ್ಳಿನಿಂದ ಕಣ್ಣು ತೆಗೆಯದೆ ಜೇಬಿಗೆ ಕೈ ಹಾಕಿ, ಸಿಕ್ಕಿದ್ದನ್ನು ತೆಗೆದು ಅಂಗೈಯಲ್ಲಿಟ್ಟರು.

ಧಣಿ ಅದನ್ನು ತಿರುಗಿಸಿ ನೋಡಿದರು. ಮೂಸಿ ನೋಡಿದರು. "ಇದೆಂತ ಕ್ಯಾಪ್ಟನೇ, ಇಷ್ಟು ದೊಡ್ಡ ಪೆಪ್ಪರ್‌ಮಿಂಟ್? ಪೆಟ್ರೋಲ್ ವಾಸನೆ ಬರ್ತದೆ."

ಅದು ಎಡ ರೆಕ್ಕೆಯ ಮುಚ್ಚಳ.

ಈಗ ಹೇಳುವಾಗ ನಗು ಬರುತ್ತದೆ, ಆಗ ಮೂವರಲ್ಲಿ ಒಬ್ಬರೂ ನಗಲಿಲ್ಲ. ಕ್ಯಾಪ್ಟನರ ಕತ್ತಿನ ಹಿಂಭಾಗವಷ್ಟೇ ನನಗೆ ಕಾಣುತ್ತಿತ್ತು. ಅದು ನೋಡುತ್ತಿದ್ದಂತೆ ಬಿಳಿಚಿತು. ಪದವಿಗೆ ಹಿಂದಿರುಗುವಷ್ಟು ದೂರ ಇನ್ನು ಹೋಗಲಾಗದು ಎಂದು ಅವರಿಗೆ ತಕ್ಷಣ ಗೊತ್ತಾಗಿರಬೇಕು. ಮೂತಿಯನ್ನು ದಂಡೆಯ ಕಡೆ ತಿರುಗಿಸಿದರು. ಎಂಜಿನ್ ಕೆಮ್ಮಿತು. ಬಲದ ಟ್ಯಾಂಕಿಗೆ ಬದಲಿಸಿದರು. ತಳಕ್ಕಂಟಿದ್ದ ಪೆಟ್ರೋಲ್ ನಮ್ಮನ್ನು ನೀರಿನ ಮೇಲಿನಿಂದ ಮರಳಿನ ಹತ್ತಿರಕ್ಕೆ ತಂದಿತು. ಆಮೇಲೆ ಎಂಜಿನ್ ಇನ್ನೊಮ್ಮೆ ಕೆಮ್ಮಿ ಸುಮ್ಮನಾಯಿತು.

ಎದುರಿನ ಪಂಖ ನಿಂತಿತು. ಅಡ್ಡಕ್ಕೆ, ಬೋರ್ಡಿನ ಮೇಲೆ ನಾನು ಇಡುವ ಮರದ ಸ್ಕೇಲಿನ ಹಾಗೆ. ಇಂಥ ಎತ್ತರದಿಂದ ಇಂಥ ವೇಗದಲ್ಲಿ ಬೀಳುವ ವಸ್ತು ಎಷ್ಟು ದೂರದಲ್ಲಿ ನೆಲ ಮುಟ್ಟುತ್ತದೆ ಎಂಬ ಲೆಕ್ಕವನ್ನು ನಾನು ವರ್ಷವರ್ಷವೂ ಹುಡುಗರಿಗೆ ಕೊಡುತ್ತಿದ್ದೆ. ವಸ್ತುವಿನೊಳಗೆ ಯಾರಾದರೂ ಕುಳಿತಿರಬಹುದು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಈಗಲೂ ಕರೆಂಟು ಹೋಗಿ ಮನೆಯ ಫ್ಯಾನಿನ ರೆಕ್ಕೆಗಳು ಒಂದೊಂದಾಗಿ ಕಾಣತೊಡಗಿದರೆ ನಾನು ಎದ್ದು ಅಂಗಳಕ್ಕೆ ಹೋಗುತ್ತೇನೆ.

ಗಾಳಿಯ ಸುಯ್ಯೆಂಬ ಸದ್ದಿನಲ್ಲಿ ಕ್ಯಾಪ್ಟನರ ಸ್ವರ ಕೇಳಿತು. ಅಂಗಳದಲ್ಲಿ ಸ್ಕೂಟರ್ ಸುತ್ತುವಾಗಿನದೇ ಸ್ವರ. "ಸ್ವಿಚ್ಚು, ಮುಟ್ಟಿದೆ. ಪೆಟ್ರೋಲ್ ಬಂದ್, ಮುಟ್ಟಿದೆ. ಧಣಿ, ಬೆಲ್ಟು?"

"ಆಯ್ತು, ಆಯ್ತು!" ಎಂದರು ಧಣಿ.

"ಆಯ್ತು ಅಂದ್ರೆ ಕೊಲ್ತೇನೆ! ಬೆಲ್ಟು?"

"ಮು... ಮುಟ್ಟಿದೆ!"

"ಟೀಚರೇ, ಪದ್ದಕ್ಕ! ಚಿಲಕ ತೆಗೆದಿಡಿ. ಕೆಳಗೆ ಇಳಿದ ಮೇಲೆ ಬಾಗಿಲು ಸಿಕ್ಕಿಕೊಂಡ್ರೆ ಕಷ್ಟ."

ಜೀವಮಾನವೆಲ್ಲ ಬಾಗಿಲು ಹಾಕಿದೆನೋ ಇಲ್ಲವೋ ಎಂದು ಹೆದರಿದ ನನ್ನ ಅಮ್ಮನ ಹೆಸರಿನ ಚಿಲಕವನ್ನು ನಾನು ಆಕಾಶದಲ್ಲಿ ತೆರೆದೆ. "ಮುಟ್ಟಿದೆ" ಎಂದು ಅರಚಿದೆ.

ದೀಪಸ್ತಂಭ ಎಡಕ್ಕೆ ಸರಿಯಿತು. ಕೆಳಗೆ ಇಳಿತದ ಹೊತ್ತಿನ ಒದ್ದೆ ಮರಳು, ಉದ್ದಕ್ಕೆ ಗಟ್ಟಿಯಾಗಿ ಹೊಳೆಯುತ್ತಿತ್ತು. ಅದರ ನಡುವೆ ಬಲೆ ಎಳೆಯುತ್ತಿದ್ದ ಜನ. ಸದ್ದಿಲ್ಲದೆ ಬರುತ್ತಿರುವ ವಿಮಾನವನ್ನು ಅವರು ನೋಡಿದ್ದು ತಡವಾಗಿ. ಹಗ್ಗ ಬಿಟ್ಟು ಓಡಿದರು. ಬುಟ್ಟಿ ಹೊತ್ತ ಒಬ್ಬಳು ಮುದುಕಿ ಮಾತ್ರ ಓಡಲಿಲ್ಲ. ನಿಂತಲ್ಲೇ ನಿಂತು, ಬಸ್ಸಿಗೆ ಹೇಳುವ ಹಾಗೆ, ಆ ಕಡೆ ಹೋಗು ಎಂದು ಕೈ ತೋರಿಸಿದಳು. ಕ್ಯಾಪ್ಟನ್ ಆ ಕಡೆ ಹೋದರು. ಚಕ್ರ ಮರಳು ಮುಟ್ಟಿತು, ಎದ್ದಿತು, ಮತ್ತೆ ಮುಟ್ಟಿತು. ನೀರು ಎರಚಿತು. ಬಲೆಯ ಹಗ್ಗಕ್ಕೆ ಇನ್ನೊಂದು ಆಳುದ್ದ ಇದೆ ಎನ್ನುವಾಗ ಮುಂದಿನ ಚಕ್ರ ಮರಳಿನಲ್ಲಿ ಹೂತು, ವಿಮಾನ ಮೂತಿ ಬಗ್ಗಿಸಿ ನಿಂತಿತು. ಒಂದು ತೆರೆ ಬಂದು ಚಕ್ರ ತೊಳೆದು ಹೋಯಿತು.

ಮೊದಲು ಮಾತಾಡಿದ್ದು ಧಣಿ. ಕೈಗಡಿಯಾರ ನೋಡಿಕೊಂಡರು. "ರಾಹುಕಾಲ ಶುರುವಾಯ್ತಾ?"

"ಇಲ್ಲ ಧಣಿ. ಇನ್ನೂ ಹೊತ್ತು ಉಂಟು" ಎಂದರು ಕ್ಯಾಪ್ಟನ್.

ಬುಟ್ಟಿಯ ಮುದುಕಿ ಕಿಟಕಿಯ ಹತ್ತಿರ ಬಂದಳು. "ದಾನೆ ಸ್ವಾಮಿ, ಎಂತ ಆಯ್ತು? ಎಣ್ಣೆ ಮುಗಿಯಿತಾ? ಪೇಟೆಯಲ್ಲಿ ಪಂಪ್ ಉಂಟು. ಬಸ್ಸಿಗೆ ಕೈ ಹಿಡಿದ್ರೆ ನಿಲ್ಲಿಸ್ತಾನೆ."

ನಾನು ಇಳಿದು ಮರಳಿನ ಮೇಲೆ ಕುಳಿತೆ. ನಗುತ್ತಿದ್ದೆನಂತೆ. ಅಳುತ್ತಿದ್ದೆ ಎಂದು ನನ್ನ ನೆನಪು.

ಹಮೀದ್ ಯಾರದೋ ಜೀಪು ಹಿಡಿದು ಬಂದು ಮುಟ್ಟುವ ಹೊತ್ತಿಗೆ ದಂಡೆಯಲ್ಲಿ ಜಾತ್ರೆಯಷ್ಟು ಜನ. ಅವನು ವಿಮಾನವನ್ನು ನೋಡಲಿಲ್ಲ, ನಮ್ಮ ಮೂವರನ್ನು ಒಬ್ಬೊಬ್ಬರನ್ನಾಗಿ ನೋಡಿದ. ಧಣಿಗೆ ಆಗ ಕಾಲು ನೆಲದ ಮೇಲೆ ಗಟ್ಟಿಯಾಗಿತ್ತು, ಜೊತೆಗೆ ಸ್ವರವೂ.

"ಪೆಟ್ರೋಲ್ ತುಂಬಿಸಿ ಮುಚ್ಚಳ ಹಾಕ್ಲಿಕ್ಕೆ ಗೊತ್ತಿಲ್ವಾ ನಿನಗೆ? ನಾಳೆಯಿಂದ ಬರ್ಬೇಡ!"

ಕ್ಯಾಪ್ಟನ್ ಆಯ್ತು ಎಂದಿದ್ದರು ಎಂದು ಹಮೀದ್ ಹೇಳಬಹುದಿತ್ತು. ಹೇಳಲಿಲ್ಲ.

"ಅವ ಅಲ್ಲ ಧಣಿ. ನಾನು" ಎಂದರು ಕ್ಯಾಪ್ಟನ್.

ಧಣಿ ಅವರನ್ನು ತೋಳು ಹಿಡಿದು ಬದಿಗೆ ಕರೆದರು. ಬದಿ ಎಂದರೆ ನಾನು ಕುಳಿತಿದ್ದ ಜಾಗ. "ನೋಡಿ, ಮದ್ರಾಸಿನಿಂದ ಆಫೀಸರುಗಳು ಬರ್ತಾರೆ, ಬರೆದು ಕೊಡಿ ಅಂತಾರೆ. ನೀವು ಅಂತ ಬರೆದ್ರೆ ನಿಮ್ಮ ಲೈಸೆನ್ಸ್ ಹೋಗ್ತದೆ. ಹಮೀದ ಅಂತ ಬರೆಯಿರಿ. ಅವನಿಗೆ ಲೈಸೆನ್ಸೇ ಇಲ್ಲ, ಹೋಗ್ಲಿಕ್ಕೆ ಎಂತ ಉಂಟು?"

ಹಾರುವುದನ್ನು ಬಿಟ್ಟರೆ ಆ ಮನುಷ್ಯನಿಗೆ ಬೇರೆ ಬದುಕಿರಲಿಲ್ಲ. ಅದು ನನಗೆ ಗೊತ್ತಿತ್ತು, ಧಣಿಗೂ ಗೊತ್ತಿತ್ತು. ಕ್ಯಾಪ್ಟನ್ ಮೀಸೆಯ ಮೇಲಿನ ಉಪ್ಪುನೀರು ಒರೆಸಿಕೊಂಡರು.

"ಲೈಸೆನ್ಸ್ ಇಲ್ಲದವನ ಹತ್ತಿರ ಹೋಗ್ಲಿಕ್ಕೆ ಇರುವುದು ಹೆಸರೊಂದೇ ಧಣಿ" ಎಂದರು. "ಒಪ್ಪಿಗೆ ಇಲ್ಲದೆ ಅವನ ಹೆಸರು ಹಾಕ್ಲಿಕ್ಕೆ ಆಗುದಿಲ್ಲ. ನನ್ನ ನಿಯಮ ಉಂಟು."

ಆಮೇಲೆ ಹಮೀದನ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದರು: "ಇನ್ನು ನಾನು ಆಯ್ತು ಅಂದ್ರೆ ಸ್ಟೂಲ್ ಎಳೆದುಬಿಡು ಮಾರಾಯ. ಬಿದ್ರೆ ಬೀಳ್ತೇನೆ. ಅಲ್ಲಿಂದ ನೆಲ ಹತ್ತಿರ."

ಅಧಿಕಾರಿಗಳು ಬಂದರು, ಕೇಳಿದರು, ಇವರು ಇದ್ದದ್ದನ್ನು ಇದ್ದಂತೆ ಬರೆದುಕೊಟ್ಟರು. ಲೈಸೆನ್ಸನ್ನು ಹಲವು ತಿಂಗಳು ತಡೆಹಿಡಿದರು. ಆ ತಿಂಗಳುಗಳಲ್ಲಿ ಅವರು ನಮ್ಮ ಬೀದಿಗೆ ದೊಡ್ಡ ಕಾಟವಾದರು. ಅಮ್ಮನ ಕುಕ್ಕರಿಗೆ ಒಂದು ಪಟ್ಟಿ ಮಾಡಿದರು. ಅಕ್ಕುವಿನ ಎಮ್ಮೆಗೆ ಒಂದು ಮಾಡಲು ಹೋಗಿ ಒದೆ ತಿಂದರು. ಹಮೀದನ ಕೆಲಸ ಉಳಿಯಿತು. ಲೈಸೆನ್ಸ್ ಮರಳಿ ಬಂದ ದಿನ ಅವನು ಮನೆಯಿಂದ ಬಿರಿಯಾನಿ ತಂದು ಕೊಟ್ಟ. ಕ್ಯಾಪ್ಟನ್ ಪಾತ್ರೆಯ ಮುಚ್ಚಳ ತೆಗೆದು, ನನಗೆ ತೋರಿಸಿ, ಮತ್ತೆ ಹಾಕಿ, "ಮುಟ್ಟಿದೆ" ಎಂದರು.

ಮತ್ತೆ ಹಾರಿದರು. ನನ್ನನ್ನು ಕಂಡಾಗಲೆಲ್ಲ "ನಿಮ್ಮ ಅರ್ಧ ಸುತ್ತು ಬಾಕಿ ಉಂಟು ಟೀಚರೇ" ಎನ್ನುತ್ತಿದ್ದರು. ನಾನು ಹೋಗಲಿಲ್ಲ. ಬಸ್ಸಿನಲ್ಲೂ ಬಾಗಿಲ ಹತ್ತಿರದ ಸೀಟನ್ನೇ ಹಿಡಿಯುತ್ತೇನೆ. ಕೆಲವು ವರ್ಷಗಳಲ್ಲಿ ಧಣಿ ವಿಮಾನ ಮಾರಿದರು, ಕ್ಯಾಪ್ಟನ್ ಮಣಿಪಾಲದ ಕಡೆ ಮನೆ ಮಾಡಿದರು. ಕಾಣುವುದು ಕಡಿಮೆಯಾಯಿತು. ಹಸಿರು ಹಲಗೆಯನ್ನು ಮಾತ್ರ ಅವರು ವಿಮಾನದ ಜೊತೆ ಕೊಡಲಿಲ್ಲ. ಮನೆಯ ಬಾಗಿಲ ಪಕ್ಕದಲ್ಲಿ ತೂಗುಹಾಕಿದ್ದರು. ಈಗಲೂ ಅಲ್ಲೇ ಉಂಟು ಎಂದು ಹಮೀದ್ ಹೇಳಿದ. ಕಂಡು ಬಂದನಂತೆ.

ಆ ಹಲಗೆಗೆ ನಾನು ಕೊನೆಯ ಸಲ ಬಣ್ಣ ಹಚ್ಚಿದ್ದು ನಾವು ಮರಳಿನ ಮೇಲೆ ಇಳಿದ ಮರುದಿನ. ಕ್ಯಾಪ್ಟನ್ ಹಲಗೆಯನ್ನು ಬಗಲಲ್ಲಿಟ್ಟುಕೊಂಡು, ಬಿಳಿ ಬಣ್ಣದ ಸಣ್ಣ ಡಬ್ಬ ಹಿಡಿದು ನಮ್ಮ ಜಗಲಿ ಹತ್ತಿದರು. ಎಂದೂ ಇಲ್ಲದ ಹಾಗೆ ಚಪ್ಪಲಿ ಜೋಡಿಸಿಟ್ಟರು.

"ಟೀಚರೇ, ಎಡ ಮುಚ್ಚಳಕ್ಕೆ ಜನ ಸಿಕ್ಕಿದ."

ನಾನು ಬ್ರಶ್ ತೆಗೆದುಕೊಂಡೆ. "ಒಪ್ಪಿಗೆ?"

"ಉಂಟು. ನಾನೇ ಕೇಳಿದೆ. ಸ್ವಲ್ಪ ಹಿಂದೆಮುಂದೆ ನೋಡಿದ. ಆಮೇಲೆ ಒಪ್ಪಿದ."

"ಕ್ಯಾಪ್ಟನ್ ಅಂತ ಬರೆಯಲಾ?"

"ಬೇಡ. ಊರಲ್ಲಿ ಇನ್ನೊಬ್ಬ ಕ್ಯಾಪ್ಟನ್ ಬರಬಹುದು. ಅಪ್ಪ ಅಮ್ಮ ಇಟ್ಟದ್ದು ಬರೆಯಿರಿ. ಪೂರ್ತಿ."

ಬರೆದೆ. ಅಕ್ಷರ ಸ್ವಲ್ಪ ಸೊಟ್ಟಗಾಯಿತು. ಅವರು ಅದು ಒಣಗುವ ತನಕ ಕುಳಿತಿದ್ದು, ಒಣಗಿದ ಮೇಲೆ ಬೆರಳಿನಿಂದ ಒಂದೊಂದೇ ಅಕ್ಷರ ಮುಟ್ಟಿದರು.

ಇಷ್ಟು ಬರೆದರೂ ಅವರ ಹೆಸರನ್ನು ನಾನು ಎಲ್ಲೂ ಹೇಳಲಿಲ್ಲ. ಮರೆತದ್ದಲ್ಲ. ಅದು ಎಲ್ಲಿರಬೇಕು ಎಂದು ಅವರೇ ತೋರಿಸಿದ್ದರೋ ಅಲ್ಲಿ ನನ್ನ ಕೈಯಾರೆ ಬರೆದಿದ್ದೇನೆ. ಹಸಿರು ಹಲಗೆ, ಪದ್ದಕ್ಕನ ಮೇಲಿನ ಸಾಲು, ಎಡ ರೆಕ್ಕೆಯ ಮುಚ್ಚಳದ ಎದುರು.